ಮರಳೆಂದು ಬರೆದ ಊರು

ನಕ್ಷೆ ಸುಳ್ಳು ಹೇಳುವುದಿಲ್ಲ ಎಂದು ತರಬೇತಿಯ ಮೊದಲ ದಿನವೇ ನಿಮಗೆ ಯಾರಾದರೂ ಹೇಳಿರುತ್ತಾರೆ. ಹೇಳಿದವರಿಗೆ ಒಂದು ಲೋಟ ಕಾಫಿ ಕೊಟ್ಟು, ನಮಸ್ಕಾರ ಮಾಡಿ ಕಳಿಸಿಬಿಡಿ. ನಾನು ಮೂವತ್ತನಾಲ್ಕು ವರ್ಷ ನಕ್ಷೆ ಬರೆದವಳು. ಅದರಷ್ಟು ನೆಟ್ಟಗೆ ಮುಖ ನೋಡಿ ಸುಳ್ಳು ಹೇಳುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ಬೀದಿಯಲ್ಲಿರುವ ರೈಲ್ವೆಯವರ ಮಗಳು ಈಗ ನಾನಿದ್ದ ಕಚೇರಿಗೇ ಸೇರಿದ್ದಾಳೆ. ಹೋದ ತಿಂಗಳು ಮನೆಗೆ ಬಂದು, "ಆಂಟಿ, ಕೆಲಸ ಹೆಂಗಿರುತ್ತೆ ಅಂತ ಬರೆದುಕೊಡಿ. ಕನ್ನಡದಲ್ಲೇ ಬರೀರಿ, ಮೆಲ್ಲಗೆ ಓದ್ಕೋತೀನಿ" ಎಂದಳು. ಅದಕ್ಕೇ, ಅವಳಿಗೂ ಅವಳ ಜೊತೆ ಸೇರಿದವರಿಗೂ ಬರೆಯುತ್ತಿದ್ದೇನೆ. ಬಡ್ತಿಗಳ ಕಥೆ ಇದರಲ್ಲಿ ಸಿಗುವುದಿಲ್ಲ. ನನ್ನ ಪದನಾಮ ನಾಲ್ಕು ಸಲ ಬದಲಾಯಿತು, ಮೇಜು ಒಂದು ಸಲವೂ ಬದಲಾಗಲಿಲ್ಲ. ಕಚೇರಿಯ ಹೆಸರೂ ಬೇಡ. ಹಳ್ಳಿ ಹಳ್ಳಿಯ ಹಳೆಯ ನಕ್ಷೆಗಳನ್ನು ಇಟ್ಟುಕೊಂಡು, ಹರಿದದ್ದನ್ನು ಮತ್ತೆ ಬರೆದು, ಕೇಳಿದವರಿಗೆ ನಕಲು ಕೊಡುವ ಜಾಗ ಎಂದುಕೊಂಡರೆ ಸಾಕು.

ನಾನು ಸೇರಿದಾಗ ಸ್ಕ್ಯಾನರ್ ಎಂಬ ಮಾತೇ ಇರಲಿಲ್ಲ. ಟ್ರೇಸಿಂಗ್ ಬಟ್ಟೆ ಇತ್ತು. ಗಂಜಿ ಹಾಕಿ ಮೆರುಗು ಕೊಟ್ಟ, ನೀಲಿ ಛಾಯೆಯ ನಯವಾದ ಹತ್ತಿ ಬಟ್ಟೆ. ಹಳೆಯ ಹಾಳೆಯ ಮೇಲೆ ಅದನ್ನು ಹಾಸಿ, ಶಾಯಿ ಹಿಡಿಯಲೆಂದು ಪೌಡರ್ ಉಜ್ಜಿ, ಗೆರೆ ಮೇಲೆ ಗೆರೆ ಎಳೆಯಬೇಕು. ಬೇಸಿಗೆಯಲ್ಲಿ ಬೆವರಿನ ಹನಿ ಬಿದ್ದರೆ ಆ ಜಾಗ ಹಾಳು. ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ. ಮದರಾಸಿನ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಕೂತು ನೋಡಿ, ಆಮೇಲೆ ನನ್ನ ಕೋಪದ ಬಗ್ಗೆ ಮಾತಾಡಿ.

ಒಮ್ಮೆ ನನ್ನ ಪಕ್ಕದ ಮೇಜಿನವನು ಹಳೆಯ ಹಾಳೆಯ ಮೇಲೆ ಯಾರೋ ಹೊಡೆದು ಒಣಗಿದ್ದ ಸೊಳ್ಳೆಯ ಕಲೆಯನ್ನು ಬಾವಿ ಎಂದುಕೊಂಡು ದುಂಡಗೆ ಬರೆದುಬಿಟ್ಟ. ಪರಿಶೀಲಿಸಿದವರು ಸರಿ ಎಂದು ಸಹಿ ಹಾಕಿದರು. ಆ ಹಳ್ಳಿಯ ನಕ್ಷೆಯಲ್ಲಿ ಆ ಬಾವಿ ಇಂದಿಗೂ ಇದೆ. ಈ ವಿಷಯ ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಈಗ ನಗು ಬರುವುದಿಲ್ಲ. ನಮ್ಮ ಕಚೇರಿಯಲ್ಲಿ ಒಂದು ಸೊಳ್ಳೆಗೆ ಸಿಕ್ಕಿದ ಮರ್ಯಾದೆ ಒಂದು ಇಡೀ ಊರಿಗೆ ಸಿಗಲಿಲ್ಲ.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಗುರುರಾಜಾಚಾರ್ಯರು. ಮೈಲಾಪೂರಿನವರು, ನಾಲ್ಕು ತಲೆಮಾರಿನಿಂದ ಇಲ್ಲೇ ನೆಲೆಸಿದ ವೈಷ್ಣವರು. ಮನೆಯಲ್ಲಿ ಕನ್ನಡ, ಆದರೆ ಅರ್ಧ ತಮಿಳು ಬೆರೆತದ್ದು. ಅವರ ಕೈಬರಹ ಮುತ್ತಿನಂತಿತ್ತು, ಒಪ್ಪುತ್ತೇನೆ. ನಾನು ಸೇರಿದ ಕೆಲವೇ ವರ್ಷಕ್ಕೆ, ಮಗಳು ಮಾಲತಿಯನ್ನು ಹೊತ್ತಿದ್ದಾಗ, ಎಣ್ಣೂರಿನ ಕಡೆಯ ಸಮುದ್ರ ತೀರದ ಹಳೆಯ ಹಾಳೆಯೊಂದು ನನ್ನ ಮೇಜಿಗೆ ಬಂತು. ಮರಳಿನ ಮೇಲೆ ಸಾಲು ಸಾಲು ಪುಟ್ಟ ಚೌಕಗಳಿದ್ದವು. ನಾನು ಒಂದೊಂದಾಗಿ ಎಳೆಯತೊಡಗಿದ್ದೆ. ಆಚಾರ್ಯರು ಹಿಂದೆ ಬಂದು ನಿಂತರು.

"ಏನಮ್ಮಾ ವತ್ಸಲಾ ಇದು, ಇಷ್ಟೊಂದು ಕಟ್ಟಂ ಕಟ್ಟಂ?"

"ಗುಡಿಸಲು ಸಾರ್. ಹಳೇ ಶೀಟಲ್ಲಿದೆ."

"ವೇಂಡಾಮ್ಮಾ. ಗಾಳಿಗೆ ಹಾರೋದು, ಬೆಂಕೀಲಿ ಸುಡೋದು ನಕ್ಷೆಗೆ ಬೇಡ. ಹೆಂಚಿನ ಮನೆ ಇದ್ರೆ ಬರಿ, ಇಲ್ಲಾಂದ್ರೆ ಮರಳು ಹಾಕಿ ಮುಗಿಸು. ನೀನು ಡೆಲಿವರಿಗೆ ಲೀವ್ ಹಾಕೋಕ್ ಮುಂಚೆ ಇನ್ನೂ ಹನ್ನೊಂದು ಶೀಟಿದೆ, ಜ್ಞಾಪಕ ಇರ್ಲಿ."

ಎಳೆದಿದ್ದ ನಾಲ್ಕು ಚೌಕಗಳನ್ನು ಬ್ಲೇಡಿನಿಂದ ಕೆರೆದೆ. ಮರಳಿಗೆ ಚುಕ್ಕಿ ಹಾಕಬೇಕು. ಚುಕ್ಕಿ ಹಾಕುವುದಕ್ಕೆ ಬುದ್ಧಿ ಬೇಕಿಲ್ಲ. ಗುಡಿಸಲಿದ್ದ ಕಡೆಯೆಲ್ಲ ಚುಕ್ಕಿ, ಊರ ಬಾವಿ ಇದ್ದ ಕಡೆಯೂ ಚುಕ್ಕಿ, ಊರ ಹೆಸರಿದ್ದ ಕಡೆಯೂ ಚುಕ್ಕಿ. ಕೆಳಗೆ ಮೂಲೆಯಲ್ಲಿ, ಟ್ರೇಸ್ ಮಾಡಿದವರು ಎಂಬ ಸಾಲಿನ ಮುಂದೆ, ವಿ.ಎಸ್. ಎಂದು ಬರೆದೆ. ಆಚಾರ್ಯರು ಪಕ್ಕದಲ್ಲಿ ಸಹಿ ಹಾಕಿದರು.

ಹೊಸ ಹಾಳೆಗೆ ಸಹಿ ಬಿದ್ದ ಮೇಲೆ ಹಳೆಯದು ರದ್ದು. ಇದು ನಿಯಮ. ರದ್ದಾದದ್ದು ಏನಾಗುತ್ತಿತ್ತು ಎಂಬುದು ನಿಯಮದ ಪುಸ್ತಕದಲ್ಲಿಲ್ಲ. ಹಳೆಯ ಹಾಳೆಗಳೂ ಟ್ರೇಸಿಂಗ್ ಬಟ್ಟೆಯೇ ಅಲ್ಲವೇ? ಸೋಡಾ ಹಾಕಿ ಕುದಿಸಿದರೆ ಗಂಜಿಯೆಲ್ಲ ಬಿಟ್ಟು, ಶಾಯಿಯೂ ಅದರೊಂದಿಗೆ ಕರಗಿ, ಮಲ್ಲಿನಂಥ ಮೆತ್ತನೆಯ ಬಟ್ಟೆ ಕೈಗೆ ಸಿಗುತ್ತದೆ. ಬಸುರಿಯರಿಗೆ ಮೊದಲ ಪಾಲು. ನಮ್ಮ ಕಚೇರಿಯ ಮಕ್ಕಳೆಲ್ಲ ನಕ್ಷೆಯ ಅಂಗಿ ತೊಟ್ಟೇ ಬೆಳೆದವು. ನನ್ನ ಪಾಲಿಗೆ ಬಂದ ಎಣ್ಣೂರಿನ ಹಾಳೆಯನ್ನು ನಮ್ಮತ್ತೆ ಎರಡು ನೀರಿನಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಮಾಲತಿಗೆ ಆರು ಜಬಲ ಹೊಲಿದರು. "ಅಂಗಡೀಲಿ ಇಂಥ ಬಟ್ಟೆ ಸಿಗೋಲ್ಲ ಕಣೇ" ಎಂದು ಬೀದಿಗೆಲ್ಲ ತೋರಿಸಿಕೊಂಡು ಬಂದರು.

ಇದೆಲ್ಲ ಮರೆತೇ ಹೋಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಆಚಾರ್ಯರು ನಿವೃತ್ತರಾಗಿ, ನಕ್ಷೆ ಕೊಠಡಿಯ ಬೀಗದ ಕೈ ನನ್ನ ಸೊಂಟಕ್ಕೆ ಬಂದಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಕನ್ನಿಯಮ್ಮ ಬಂದರು. ಎಪ್ಪತ್ತರ ಹತ್ತಿರದ ಮೀನುಗಾರ ಹೆಂಗಸು. ಎಣ್ಣೂರಿನಿಂದ ರೈಲು ಹತ್ತಿ, ಕಚೇರಿ ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಅವರು ಆಡಿದ್ದು ಕಡಲ ತೀರದ ತಮಿಳು. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಅಮ್ಮಾ, ನಮ್ಮ ಕುಪ್ಪದ ಹಳೇ ಪಡ ಬೇಕು. ಕೊಟ್ರೆ ನಾವು ಉಳೀತೀವಿ."

ಮೀನುಗಾರರ ಊರಿಗೆ ಇಲ್ಲಿ ಕುಪ್ಪಂ ಎನ್ನುತ್ತಾರೆ, ಪಡ ಎಂದರೆ ನಕ್ಷೆ. ಅವರ ಕೈಯಲ್ಲೊಂದು ನೋಟೀಸಿತ್ತು. ಕಾರ್ಖಾನೆಯೊಂದರ ಬೂದಿ ಸಾಗಿಸುವ ಕೊಳವೆಗೂ ಅದರ ಪಕ್ಕದ ರಸ್ತೆಗೂ ಜಾಗ ಬೇಕಂತೆ. ಇವರು ಈಚೆಗೆ ಬಂದು ಸರ್ಕಾರಿ ಮರಳಿನ ಮೇಲೆ ಒತ್ತುವರಿ ಮಾಡಿ ಕೂತವರಂತೆ. ಹಿಂದಿನಿಂದ ಇದ್ದೇವೆ ಎನ್ನುವುದಾದರೆ ವಿಚಾರಣೆಯ ದಿನ ಹಳೆಯ ನಕ್ಷೆ ತಂದು ತೋರಿಸಬೇಕಂತೆ.

ಹಾಳೆ ಇಳಿಸಿದೆ. ಬಿಚ್ಚಿ ಹಾಸಿದೆ. ಸಮುದ್ರ, ಮರಳು, ಒಂದು ಎಲ್ಲೆಕಲ್ಲು. ಮೂಲೆಯಲ್ಲಿ ವಿ.ಎಸ್.

ಎಳೆದು ಕೆರೆದ ನಾಲ್ಕು ಚೌಕ, ಆಚಾರ್ಯರ ಮಾತು, ಅತ್ತೆ ಕುದಿಸಿದ ಹಂಡೆ, ಎಲ್ಲ ಒಮ್ಮೆಗೇ ನೆನಪಾಯಿತು. ಆಗ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. "ಇದರಲ್ಲಿ ನಿಮ್ಮೂರು ಇಲ್ಲಮ್ಮಾ" ಎಂದು ಹೇಳಿ ಹಾಳೆ ಸುತ್ತಿದೆ. ಕನ್ನಿಯಮ್ಮ ಎದ್ದು ಹೋಗಲಿಲ್ಲ.

"ನಾನು ಅಲ್ಲಿ ಹುಟ್ಟಿದೋಳು. ನಮ್ಮಮ್ಮಾನೂ ಅಲ್ಲೇ ಹುಟ್ಟಿದ್ದು. ನಿಮ್ಮ ಈ ಕಾಗ್ದ ಎಲ್ಲಿ ಹುಟ್ತು?" ಎಂದು ಕೇಳಿದರು.

ಹಾಳೆ ಎತ್ತಿಕೊಂಡು ಒಳಗೆ ಹೋದೆ. ಅಂದು ಡಬ್ಬಿಯ ಮೊಸರನ್ನ ಹಾಗೇ ಮನೆಗೆ ವಾಪಸು ಬಂತು. ಸಂಜೆ ಟ್ರಂಕು ತೆರೆದು ಹುಡುಕಿದೆ. "ಎನ್ನಮ್ಮಾ ತೇಡರೇ?" ಎಂದು ಮಾಲತಿ ಏನು ಹುಡುಕುತ್ತಿದ್ದೇನೆಂದು ತಮಿಳಿನಲ್ಲೇ ಕೇಳಿದಳು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಅತ್ತೆ ನೆನಪಿಗೆಂದು ಎತ್ತಿಟ್ಟಿದ್ದ ಒಂದು ಜಬಲ ತಳದಲ್ಲಿ ಸಿಕ್ಕಿತು. ಕಿಟಕಿಗೆ ಹಿಡಿದು ನೋಡಿದೆ. ಹೊಲಿಗೆಯ ಮಡಿಕೆಯನ್ನೂ ಬಿಚ್ಚಿದೆ. ಒಂದು ಗೆರೆ ಉಳಿದಿರಲಿಲ್ಲ. ಅತ್ತೆ ಅಷ್ಟು ಚೆನ್ನಾಗಿ ಒಗೆದಿದ್ದರು.

ಮಾರನೆಯ ದಿನ ರೆಕಾರ್ಡ್ ರೂಮಿನ ಅಟೆಂಡರ್ ಏಳುಮಲೈಗೆ ಎಲ್ಲ ಹೇಳಿದೆ. ಇಡೀ ಕಚೇರಿಯಲ್ಲಿ ನಕ್ಷೆ ಓದಲು ಬಲ್ಲವನು ಅವನೊಬ್ಬನೇ, ಉಳಿದ ನಾವೆಲ್ಲ ಬರೆಯಲು ಬಲ್ಲವರು. ಅವನು ತಲೆ ಕೆರೆದುಕೊಂಡು, "ಅಮ್ಮಾ, ಪಕ್ಕದ ಊರಿನ ಶೀಟು ಇನ್ನೂ ಹಳೇದೇ ಇದೆ. ಟ್ರೇಸ್ ಆಗಿಲ್ಲ" ಎಂದ.

ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಒಂದು ಊರನ್ನು ಹುಡುಕಬೇಕಾದರೆ ಆ ಊರಿನ ನಕ್ಷೆಯನ್ನಷ್ಟೇ ನೋಡಬೇಡಿ. ಸುತ್ತಲಿನ ಊರುಗಳ ನಕ್ಷೆಯ ಅಂಚುಗಳನ್ನು ನೋಡಿ. ಹಿಂದಿನವರು ಎಲ್ಲೆ ದಾಟಿ ಹೋಗುವ ದಾರಿಯನ್ನು ಗೆರೆ ಮುಗಿದ ಮೇಲೂ ಎರಡು ಬೆರಳಷ್ಟು ಎಳೆದು, ಅದು ಎಲ್ಲಿಗೆ ಹೋಗುತ್ತದೆಂದು ಬರೆಯುತ್ತಿದ್ದರು. ಪಕ್ಕದ ಹಾಳೆಯ ಅಂಚಿನಲ್ಲಿ ಗಾಡಿದಾರಿಯೊಂದು ಎಲ್ಲೆಕಲ್ಲನ್ನು ದಾಟಿ ಬಂದಿತ್ತು. ಅದರ ಮೇಲೆ ಕುಪ್ಪದ ಹೆಸರು, ಅಲ್ಲಿಗೆ ದಾರಿ ಎಂಬ ಮಾತು. ದಾರಿಯ ತುದಿಗೆ ಒಂದು ದುಂಡು ಗುರುತು, ಬಾವಿ. ಹಾಳೆ ಅಲ್ಲಿಗೆ ಮುಗಿದಿತ್ತು. ನನ್ನ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟೆವು. ಆ ದಾರಿ ನೇರವಾಗಿ ಬಂದು ನಾನು ಹಾಕಿದ ಚುಕ್ಕಿಗಳೊಳಗೆ ಮಾಯವಾಯಿತು.

ಭಾನುವಾರ ಏಳುಮಲೈಯನ್ನು ಕರೆದುಕೊಂಡು ಟೇಪು, ನಕಲು, ಮಜ್ಜಿಗೆ ಬಾಟಲಿ ಹಿಡಿದು ಎಣ್ಣೂರಿಗೆ ಹೋದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಗಳ ನಕ್ಷೆ ಬರೆದಿದ್ದ ನಾನು ಬರೆದ ಹಳ್ಳಿಗೆ ಕಾಲಿಟ್ಟದ್ದು ಅದೇ ಮೊದಲು. ನಾಚಿಕೆಯಾಗಬೇಕು. ಕನ್ನಿಯಮ್ಮ ಬಲೆ ಒಣಹಾಕುವ ಬಯಲಿನಲ್ಲಿ ಕಾದಿದ್ದರು. ಎಲ್ಲೆಕಲ್ಲು ಅರ್ಧ ಹೂತಿತ್ತು. ಅಲ್ಲಿಂದ ಪಕ್ಕದ ಹಾಳೆಯ ಅಳತೆಯಂತೆ ಇನ್ನೂರ ಹತ್ತು ಅಡಿ ಟೇಪು ಎಳೆದು ನಿಂತೆವು. ಅಲ್ಲಿ ಏನೂ ಇರಲಿಲ್ಲ, ಬೂದಿ ಕೂತ ಮರಳು ಅಷ್ಟೇ.

"ಬಾವಿ ಇಲ್ಲೇ ಎಲ್ಲೋ ಇತ್ತು. ಕಾರ್ಖಾನೆ ಬೂದಿ ಹಾರಿ ಬಿದ್ದು ನೀರು ಕೆಟ್ಟ ಮೇಲೆ ಮುಚ್ಚೋಯ್ತು" ಎಂದರು ಕನ್ನಿಯಮ್ಮ.

ಏಳುಮಲೈ ಗುದ್ದಲಿ ಇಸಕೊಂಡು ಅಗೆದ. ಮೊಣಕಾಲಾಳಕ್ಕೆ ಬೂದಿ, ಆಮೇಲೆ ಮರಳು, ಆಮೇಲೆ ಖಣ್ ಎಂದಿತು. ಕೈಯಿಂದ ಬಳಿದೆವು. ಬಾಗಿದ ಇಟ್ಟಿಗೆಯ ಸಾಲು, ಬಾವಿಯ ಬಳೆ. ಊರಿನವರು ಓಡಿ ಬಂದು ಸುತ್ತ ನಿಂತರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈಮುಗಿದ.

ಆಗಲೂ ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಕನ್ನಿಯಮ್ಮನಿಗೆ ನಿಜ ಹೇಳಿದೆ. ಊರು ಹಳೆಯ ಹಾಳೆಯಲ್ಲಿತ್ತು, ತೆಗೆದವಳು ನಾನು, ಆ ಹಾಳೆಯಲ್ಲಿ ನನ್ನ ಮಗಳಿಗೆ ಜಬಲ ಹೊಲಿಸಿದೆವು ಎಂದೆ. ಅಮ್ಮಾ ಎನ್ನುತ್ತಿದ್ದವರು ಏಕವಚನಕ್ಕೆ ಇಳಿದರು.

"ನನ್ನ ಊರು ತೊಳೆದು ನಿನ್ನ ಕೂಸಿಗೆ ತೊಡಿಸಿದ್ಯಾ?"

ನನಗೆ ಅಳು ಬಂತು. ಅವರಿಗೆ ಅದು ಇನ್ನಷ್ಟು ಸಿಟ್ಟು ತರಿಸಿತು. "ಅಳೋದೆಲ್ಲ ನಿನ್ನ ಮನೇಲಿ ಇಟ್ಕೋ. ಟೇಪ್ ಹಿಡಿ" ಎಂದರು. ಆಮೇಲೆ ಬಾವಿಯಿಂದ ಹೆಜ್ಜೆ ಹಾಕುತ್ತ ಒಂದೊಂದು ಕಡೆ ನಿಂತು ಹೇಳುತ್ತ ಹೋದರು. ಇದು ನಮ್ಮಮ್ಮನ ಮನೆ. ಇಲ್ಲಿ ಕಟ್ಟುಮರದ ದೋಣಿ ಕಟ್ಟುತ್ತಿದ್ದ ಮಾವ. ಇಲ್ಲಿ ಹೂವರಸಿ ಮರ, ಅದರಡಿ ಊರ ಪಂಚಾಯ್ತಿ. ಈ ಮನೆ ಎರಡು ಸಲ ಸುಟ್ಟಿತು, ಎರಡು ಸಲ ಕಟ್ಟಿದೆವು. ಗಾಳಿಗೆ ಹಾರಿದರೂ ಬೆಂಕಿಯಲ್ಲಿ ಸುಟ್ಟರೂ ಮತ್ತೆ ಅದೇ ಜಾಗದಲ್ಲಿ ಎದ್ದ ಮನೆಗಳವು. ಹೆಂಚಿನ ಮನೆಯವರು ಮಾರಿಕೊಂಡು ಹೋಗುತ್ತಾರೆ, ಇವರು ಹೋಗಿರಲಿಲ್ಲ. ಮೂರು ಭಾನುವಾರ ಅಳೆದೆವು. ಇಪ್ಪತ್ತಾರು ಮನೆಗಳಾದವು.

ವಿಚಾರಣೆಗೆ ಮುಂಚೆ ಆಚಾರ್ಯರ ಮನೆಗೆ ಹೋದೆ. ಗುಡಿಸಲು ಬಿಡಬೇಕೆಂಬ ಪದ್ಧತಿ ಆಗ ಇತ್ತು ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕಿತ್ತು. ಅವರ ಮನೆಯವರು ಕಾಫಿ ಕೊಟ್ಟರು. ಆಚಾರ್ಯರು ಉಯ್ಯಾಲೆಯಿಂದ ಏಳಲಿಲ್ಲ.

"ರಿಟೈರ್ ಆದವನ್ನ ಯಾಕಮ್ಮಾ ಎಳೀತಿ? ನಾನೇನು ಯಾರ ಮನೇನಾದ್ರೂ ಇಡಿಚ್ಚೆನಾ, ಕೆಡವಿದ್ನಾ? ಪದ್ಧತಿ ಹೇಳ್ದೆ, ಅಷ್ಟೇ."

"ನೀವು ಹೇಳಿದ್ದಕ್ಕೇ ನಾನು ಕೆರೆದೆ ಸಾರ್."

"ಹಳೇ ಶೀಟು ಕಣ್ಣಾರೆ ನೋಡಿದ್ದು ನೀನು. ನಾನು ನಿನ್ನ ಶೀಟು ನೋಡ್ದೆ. ನೀನು ಬರೆದಿದ್ರೆ ನಾನೇನು ಕೈ ಕಡೀತಿದ್ನಾ?"

ನನಗೆ ಮೈಯೆಲ್ಲ ಉರಿಯಿತು. ಇಂಥವರು ಹೇಳುವಾಗ ದೇವರಂತೆ ಹೇಳುತ್ತಾರೆ, ಕೇಳುವಾಗ ಕೈ ತೊಳೆದುಕೊಂಡಿರುತ್ತಾರೆ. ಆದರೆ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಆ ಮಾತಿನಲ್ಲಿ ಅರ್ಧ ನಿಜವಿದೆ ಎಂದು ತಿಳಿದು ಇನ್ನಷ್ಟು ಉರಿಯಿತು. ಬೇಡ ಸಾರ್, ಇರೋದನ್ನ ಬರೀತೀನಿ ಎಂದು ನಾನು ಒಂದು ಸಲ ಕೂಡ ಹೇಳಿರಲಿಲ್ಲ.

ವಿಚಾರಣೆಯ ಅಧಿಕಾರಿಯ ಮೇಜಿನ ಮೇಲೆ ಎರಡೂ ಹಾಳೆಗಳನ್ನು ಕೂಡಿಸಿ ಇಟ್ಟೆ. ಬಾವಿಯ ಫೋಟೋ ಇಟ್ಟೆ. ನನ್ನ ಹೇಳಿಕೆ ಇಟ್ಟೆ. ಕನ್ನಿಯಮ್ಮ ಬಾಗಿಲ ಹತ್ತಿರ ನಿಂತಿದ್ದರು, ಅವರಿಗೆ ಕುರ್ಚಿ ಕೊಡಲಿಲ್ಲ.

"ಪಕ್ಕದ ಊರಿನ ನಕ್ಷೆ ಪಕ್ಕದ ಊರಿಗಾಯಿತು. ಈ ಊರಿನ ನಕ್ಷೆಯಲ್ಲಿ ಏನಿದೆ ಮೇಡಂ?" ಎಂದರು ಅಧಿಕಾರಿ.

"ಮರಳಿದೆ. ಆ ಮರಳು ಹಾಕಿದವಳೇ ನಾನು."

"ಸರ್ಟಿಫೈ ಆಗಿದೆ ತಾನೇ?"

"ಆಗಿದೆ. ಆದರೆ ತಪ್ಪಾಗಿದೆ."

"ನೀವು ಇದೊಂದರಲ್ಲಿ ತಪ್ಪಾಗಿದೆ ಅಂತ ಒಪ್ಪಿದರೆ, ನೀವು ಬರೆದ ಉಳಿದ ಶೀಟುಗಳನ್ನು ನಾಳೆ ಯಾರು ನಂಬ್ತಾರೆ? ಕಚೇರಿಯ ಮಾನ ನೋಡ್ಕೊಳ್ಳಿ."

ಊರು ಹೋದರೂ ಅಡ್ಡಿಯಿಲ್ಲ, ಕಚೇರಿಯ ಮಾನ ಉಳಿಯಬೇಕು. ಎರಡು ವಾರಕ್ಕೆ ನನಗೆ ಮೆಮೊ ಬಂತು, ಅನುಮತಿಯಿಲ್ಲದೆ ಹೇಳಿಕೆ ಕೊಟ್ಟದ್ದಕ್ಕೆ. ಆ ವರ್ಷವೇ ಬಲೆ ಒಣಹಾಕುವ ಬಯಲಿನ ನಡುವೆ ಗೋಡೆ ಎದ್ದಿತು. ಹನ್ನೊಂದು ಮನೆ ಕೆಡವಿದರು. ಬಾವಿಯ ಬಳೆಯ ಮೇಲೆ ಕೊಳವೆ ಹೊರುವ ಕಾಂಕ್ರೀಟ್ ಕಾಲು ನಿಂತಿತು. ಉಳಿದ ಮನೆಗಳಿಗೆ ಒತ್ತುವರಿದಾರರು ಎಂಬ ಹೆಸರು ಹಾಗೇ ಉಳಿಯಿತು. ಯಾವಾಗ ಬೇಕಾದರೂ ಇನ್ನೊಂದು ನೋಟೀಸು ಬರಬಹುದು, ನಕ್ಷೆ ಮರಳೆಂದೇ ಹೇಳುತ್ತಿತ್ತಲ್ಲ.

ಆಮೇಲೆ ಬಂತು ನಿಮ್ಮ ಸ್ಕ್ಯಾನಿಂಗ್. ನನ್ನ ಸೇವೆಯ ಕೊನೆಯ ವರ್ಷ. ಗುತ್ತಿಗೆಯವರು ದೊಡ್ಡ ಯಂತ್ರ ತಂದು ವರಾಂಡದಲ್ಲಿ ಕೂತರು. ಪಕ್ಕದೂರಿನ ಹಾಳೆ ಯಂತ್ರದಿಂದ ಪರದೆಗೆ ಬಂದಾಗ ನಾನು ಹಿಂದೆಯೇ ನಿಂತಿದ್ದೆ. ಕೂತಿದ್ದವನು ಎಲ್ಲೆಯ ಗುಂಟ ಅಂಚನ್ನೆಲ್ಲ ಕತ್ತರಿಸಿಬಿಟ್ಟ. ದಾರಿ, ಕುಪ್ಪದ ಹೆಸರು, ಬಾವಿ, ಮೂರೂ ಹೋದವು.

"ಯಾಕಪ್ಪಾ ತೆಗೆದೆ?"

"ಎಲ್ಲೆಯಿಂದಾಚೆ ಇರೋದೆಲ್ಲ ವೇಸ್ಟ್ ಮೇಡಂ. ಕ್ಲೀನಾಗಿ ಇರ್ಬೇಕು ಅಂತ ಆರ್ಡರ್."

ಆಚಾರ್ಯರೇ ಮತ್ತೆ ಹುಟ್ಟಿ ಬಂದು ಕೂತಂತಾಯಿತು. ಜಗಳವಾಡಿದೆ. ಮೇಲಿನವರಿಗೆ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಅದರ ಬದಲು, ಸ್ಕ್ಯಾನ್ ಆದ ಹಳೆಯ ಹಾಳೆಗಳ ವಿಲೇವಾರಿ ಪಟ್ಟಿ ನನ್ನ ಸಹಿಗೆ ಬಂತು. ಸಹಿ ಹಾಕಲಿಲ್ಲ. ಎರಡನೆಯ ಮೆಮೊ ಬಂತು. ಆಗಲೂ ಹಾಕಲಿಲ್ಲ. ನಾನು ಹೋದ ಮೇಲೆ ಬರುವವರು ಹಾಕುತ್ತಾರೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕುಪ್ಪದ ಹಾಳೆ, ನಾನು ಬರೆದದ್ದು, ಇನ್ನೂ ಯಂತ್ರಕ್ಕೆ ಹೋಗಿರಲಿಲ್ಲ. ನಿವೃತ್ತಿಯ ಹಿಂದಿನ ದಿನ ಊಟದ ವೇಳೆಯಲ್ಲಿ ಅದನ್ನು ಇಳಿಸಿ, ಬಾಗಿಲಿಗೆ ಅಗುಳಿ ಹಾಕಿ ಕೂತೆ. ನಕ್ಷೆಯ ತಿದ್ದುಪಡಿ ಕೆಂಪು ಶಾಯಿಯಲ್ಲಿ ಆಗಬೇಕು, ಪಕ್ಕದಲ್ಲಿ ಆದೇಶದ ಸಂಖ್ಯೆ, ಕೆಳಗೆ ತಿದ್ದಿದವರ ಇನಿಷಿಯಲ್ ಇರಬೇಕು. ಪೌಡರ್ ಉಜ್ಜಿದೆ. ಮೂರು ಭಾನುವಾರದ ಅಳತೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಆ ಮರಳಿನ ಮೇಲೆ ಕೆಂಪು ಶಾಯಿಯಲ್ಲಿ ಬಾವಿ ಬರೆದೆ, ಹೂವರಸಿ ಮರ ಬರೆದೆ, ದಾರಿಯನ್ನು ಕೂಡಿಸಿದೆ, ಇಪ್ಪತ್ತಾರು ಚೌಕ ಎಳೆದೆ. ಕೈ ಮೊದಲಿನಷ್ಟು ನೆಟ್ಟಗಿರಲಿಲ್ಲ, ಆದರೆ ಅಳತೆ ಒಂದಡಿ ತಪ್ಪಲಿಲ್ಲ. ಊರ ಹೆಸರು ಬರೆದೆ. ಆದೇಶದ ಸಂಖ್ಯೆಯ ಜಾಗದಲ್ಲಿ, ಆದೇಶವಿಲ್ಲ, ಸ್ಥಳದಲ್ಲಿ ಅಳೆದದ್ದು ಎಂದು ಬರೆದೆ. ಕೆಳಗೆ ವಿ.ಎಸ್. ಅಗುಳಿ ತೆಗೆದೆ. ಏಳುಮಲೈ ಒಳಗೆ ಬಂದು ನೋಡಿ ಹಾಳೆಯನ್ನು ಮೂರನೆಯ ರ‍್ಯಾಕಿನ ಮೇಲಿನ ಸಾಲಿಗೆ ಏರಿಸಿದ.

ಇದು ಅಪರಾಧ. ಬಲ್ಲೆ. ಮೊದಲು ಮಾಡಿದ್ದೂ ಅಪರಾಧವೇ, ಅದಕ್ಕೆ ಮಾತ್ರ ಸರ್ಟಿಫಿಕೇಟ್ ಸಿಕ್ಕಿತು.

ಈಗ ಆ ಬೀಗದ ಕೈ ನಿಮ್ಮ ಹತ್ತಿರ ಇದೆ ಎಂದು ಕೇಳಿದೆ. ಒಂದು ಕೆಲಸ ಮಾಡಿ. ಆ ಹಾಳೆ ಇಳಿಸಿ ನೋಡಿ. ಕೆಂಪು ಚೌಕಗಳಿದ್ದರೆ ಒಂದು ನಕಲು ತೆಗೆದು ಎಣ್ಣೂರಿಗೆ ಕೊಂಡೊಯ್ದು ಕನ್ನಿಯಮ್ಮನ ಮನೆಯವರ ಕೈಗೆ ಕೊಡಿ. ಇಲ್ಲದಿದ್ದರೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬ್ಲೇಡಿನಿಂದ ಕೆರೆದ ಕಡೆ ಬಟ್ಟೆ ತೆಳ್ಳಗಾಗಿ ಬೆಳಕು ತೂರಿ ಬರುತ್ತದೆ. ಇಪ್ಪತ್ತಾರು ಕಡೆ ಎಣಿಸಿಕೊಳ್ಳಿ. ನಾನು ಹಿಂದೆ ಕೆರೆದ ನಾಲ್ಕೂ ಅವುಗಳ ನಡುವೆ ಎಲ್ಲೋ ಇವೆ, ಅವನ್ನು ನನ್ನ ಲೆಕ್ಕಕ್ಕೆ ಹಾಕಿ. ಉಳಿದವನ್ನು ಕೆರೆದವರ ಇನಿಷಿಯಲ್ ಮೂಲೆಯಲ್ಲಿರುತ್ತದೆ. ಅದನ್ನು ಬರೆದುಕೊಂಡು ಬನ್ನಿ.